ಅಡ್ಡಹೆಸರಿನ ಲಾಂಛನ ಫಲಕ: ಕೆತ್ತನೆಗೆ ಹಣ ಕೊಡಬಹುದು, ಕಥೆಗೆ ಬೇಡ

ಉತ್ತರ ಕನ್ನಡದ ಗೃಹಪ್ರವೇಶಗಳಲ್ಲಿ ಗೋಡೆ ಗಡಿಯಾರ, ದೇವರ ಪಟ, ಹಿತ್ತಾಳೆ ದೀಪಗಳ ಸಾಲಿಗೆ ಈಚೆಗೆ ಇನ್ನೊಂದು ಉಡುಗೊರೆ ಸೇರಿಕೊಂಡಿದೆ. ಮನೆತನದ ಅಡ್ಡಹೆಸರನ್ನು ಕೆಳಗೆ ಬರೆದು, ಮೇಲೆ ಗುರಾಣಿ, ಸಿಂಹ, ಶಿರಸ್ತ್ರಾಣ, ಕಿರೀಟಗಳನ್ನು ಮೂಡಿಸಿದ ಲಾಂಛನ ಫಲಕ ಅದು. ಹೆಗಡೆ, ನಾಯಕ, ಕಾಮತ, ಶಾನಭಾಗ, ಡಿಸೋಜ, ಫರ್ನಾಂಡಿಸ್ ಹೀಗೆ ಹೆಸರು ಹೇಳಿದರೆ ಸಾಕು, ಅಂಗಡಿಯವರು ಮೊಬೈಲಿನಲ್ಲಿ ಆ ಹೆಸರಿನ ಲಾಂಛನವನ್ನು ತೋರಿಸುತ್ತಾರೆ. ಶಿರಸಿಯಲ್ಲಿ ಇಂಥ ಫಲಕಗಳನ್ನು ಮಾಡಿಸಿಕೊಡುವ, ಕಾರವಾರದಲ್ಲಿಯೂ ಆರ್ಡರು ತೆಗೆದುಕೊಳ್ಳುವ ಒಂದು ಅಂಗಡಿಯ ಮೂರು ಬಗೆಯ ಕೆಲಸವನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಮೊದಲನೆಯದು ಮರದ ನಾರನ್ನು ಒತ್ತಿ ಮಾಡಿದ ಎಂಡಿಎಫ್ ಹಲಗೆಯನ್ನು ಲೇಸರಿನಲ್ಲಿ ಕತ್ತರಿಸಿ ಮೇಲೆ ಬಣ್ಣದ ಪ್ರಿಂಟು ಅಂಟಿಸಿದ್ದು. ಬೆಲೆ 1,450 ರೂಪಾಯಿ. ಎರಡನೆಯದು ಸಿದ್ಧ ವಿನ್ಯಾಸವನ್ನು ಸಾಗವಾನಿಯಲ್ಲಿ ಕೈಯಿಂದ ಕೆತ್ತಿದ್ದು, 6,500 ರೂಪಾಯಿ. ಮೂರನೆಯದು ಗಿರಾಕಿ ಹೇಳಿದ ವಿನ್ಯಾಸವನ್ನು ಶಿವಣೆ ಮರದಲ್ಲಿ ಕೆತ್ತಿಕೊಡುವುದು. ನಮಗೆ ಬಿದ್ದದ್ದು 7,200. ಮೂರರ ಜೊತೆಗೂ ದಪ್ಪ ಕಾಗದದ ಮೇಲೆ ಮುದ್ರಿಸಿ ಲ್ಯಾಮಿನೇಷನ್ ಮಾಡಿದ ಒಂದು ಪ್ರಮಾಣಪತ್ರ ಬರುತ್ತದೆ. ಲಾಂಛನದ ಬಣ್ಣ, ಪ್ರಾಣಿ, ಚಿಹ್ನೆಗಳ ಅರ್ಥವೂ ಮನೆತನದ ‘ಇತಿಹಾಸ’ವೂ ಅದರಲ್ಲಿರುತ್ತವೆ. ಮರದ ಕೆಲಸ ಕೊಟ್ಟ ಹಣಕ್ಕೆ ಸರಿಯಾಗಿದೆ, ಕಾಗದದ ಕೆಲಸ ಯಾವ ಬೆಲೆಗೂ ಸರಿಯಿಲ್ಲ ಎಂಬುದು ನನ್ನ ಅಭಿಪ್ರಾಯ. ಅಂಗಡಿಯ ಹೆಸರನ್ನು ಬೇಕೆಂದೇ ಬರೆದಿಲ್ಲ. ಇದೇ ರೀತಿಯ ಸಿದ್ಧ ಚಿತ್ರಗಳನ್ನಿಟ್ಟುಕೊಂಡು ವ್ಯಾಪಾರ ಮಾಡುವವರು ಎಲ್ಲೆಡೆ ಇರುವುದರಿಂದ, ಹೇಳಬೇಕಾದ ಮಾತು ಒಬ್ಬರಿಗೆ ಮಾತ್ರ ಅನ್ವಯಿಸುವಂಥದ್ದಲ್ಲ.

ಮೊದಲು ಎಂಡಿಎಫ್ ಫಲಕ. ಶಿರಸಿಯ ನಮ್ಮ ನೆಂಟರ ಮನೆಯ ಜಗಲಿಯಲ್ಲಿ ಹೆಗಡೆಯವರ ಲಾಂಛನವೆಂದು ತೂಗುಹಾಕಿರುವುದು ಇದನ್ನೇ. ಕೆಂಪು ಗುರಾಣಿಯ ಮೇಲೆ ಎದ್ದು ನಿಂತ ಚಿನ್ನದ ಸಿಂಹ, ಅದರ ಮೇಲೆ ಎದುರುಮುಖದ ಚಿನ್ನದ ಸರಳುಗಳ ಶಿರಸ್ತ್ರಾಣ, ಶಿರಸ್ತ್ರಾಣದ ನೆತ್ತಿಯಲ್ಲಿ ಕ್ರೆಸ್ಟ್ ಎಂದು ಕರೆಯುವ ಇನ್ನೊಂದು ಪುಟ್ಟ ಸಿಂಹ, ಎರಡೂ ಬದಿಯಲ್ಲಿ ಇಳಿಬಿದ್ದ ಎಲೆಯಾಕಾರದ ಬಟ್ಟೆ, ಕೆಳಗೆ ಪಟ್ಟಿಯ ಮೇಲೆ ಲ್ಯಾಟಿನ್ ಧ್ಯೇಯವಾಕ್ಯ. ನೋಟಕ್ಕೆ ಭರ್ಜರಿಯಾಗಿಯೇ ಇದೆ. ಆದರೆ ಯುರೋಪಿನ ಲಾಂಛನಶಾಸ್ತ್ರದ ಕಟ್ಟಳೆ ಸ್ವಲ್ಪ ಗೊತ್ತಿದ್ದವರಿಗೆ ಇದರಲ್ಲಿ ಒಂದೊಂದೂ ತಮಾಷೆಯಾಗಿ ಕಾಣುತ್ತದೆ. ಇಂಗ್ಲೆಂಡಿನ ಪದ್ಧತಿಯಲ್ಲಿ ಶಿರಸ್ತ್ರಾಣದ ಲೋಹ ಯಾವುದು, ಮುಖ ಎತ್ತ ತಿರುಗಿದೆ, ಮುಖಕವಚ ತೆರೆದಿದೆಯೋ ಮುಚ್ಚಿದೆಯೋ ಎಂಬುದರ ಮೇಲೆ ಧರಿಸಿದವನ ಅಂತಸ್ತು ತಿಳಿಯುತ್ತದೆ. ಸಾಮಾನ್ಯ ಗೃಹಸ್ಥನಿಗೆ ಪಕ್ಕಕ್ಕೆ ತಿರುಗಿದ, ಮುಖ ಮುಚ್ಚಿದ ಉಕ್ಕಿನ ಶಿರಸ್ತ್ರಾಣ. ಎದುರುಮುಖದ, ಸರಳುಗಳಿರುವ ಚಿನ್ನದ ಶಿರಸ್ತ್ರಾಣ ಅಲ್ಲಿಯ ರಾಜನಿಗೆ ಮತ್ತು ರಾಜಕುಟುಂಬದವರಿಗೆ ಮಾತ್ರ. ಹೀಗಾಗಿ 1,450 ರೂಪಾಯಿಗೆ ನಮ್ಮ ನೆಂಟರ ತಲೆಯ ಮೇಲೆ ಇಂಗ್ಲೆಂಡಿನ ರಾಜಯೋಗವೇ ಬಂದು ಕೂತಿದೆ. ಅದೇ ಅಂಗಡಿಯ ಕಾಮತರ ಮಾದರಿಯಲ್ಲಿ ಚಿತ್ರದ ಸುತ್ತ ಬಕಲು ಹಾಕಿದ ಬೆಲ್ಟು ಇದೆ. ಸ್ಕಾಟ್ಲೆಂಡಿನಲ್ಲಿ ಕುಲದ ಮುಖ್ಯಸ್ಥನ ಕ್ರೆಸ್ಟನ್ನು ಕುಲದ ಇತರರು ತಮ್ಮ ಟೋಪಿಗೆ ಸಿಕ್ಕಿಸಿಕೊಳ್ಳುವಾಗ, ನಾವು ಆತನ ಕಡೆಯವರು, ಲಾಂಛನ ನಮ್ಮದಲ್ಲ ಎಂದು ತೋರಿಸಲು ಬಳಸುವ ಬೆಲ್ಟು ಅದು. ಕಾಮತರು ಸ್ಕಾಟ್ಲೆಂಡಿನ ಯಾವ ಮುಖ್ಯಸ್ಥನ ಕಡೆಯವರೆಂದು ಪ್ರಮಾಣಪತ್ರ ಹೇಳುವುದಿಲ್ಲ.

ಇದಕ್ಕಿಂತ ಕಣ್ಣಿಗೆ ಚುಚ್ಚುವುದು ಸಿಂಹದ ದಿಕ್ಕು. ಗುರಾಣಿಯ ಎಡಬಲಗಳನ್ನು ಅದನ್ನು ಹಿಡಿದವನ ಕಡೆಯಿಂದ ಎಣಿಸುತ್ತಾರೆ, ಮತ್ತು ವಿಶೇಷ ಕಾರಣವಿಲ್ಲದಿದ್ದರೆ ಪ್ರಾಣಿ ಅವನ ಬಲಕ್ಕೆ, ಎಂದರೆ ನೋಡುವವರ ಎಡಕ್ಕೆ ಮುಖ ಮಾಡಿರಬೇಕು. ಈ ಫಲಕದ ದೊಡ್ಡ ಸಿಂಹ ನಮ್ಮ ಬಲಕ್ಕೂ ನೆತ್ತಿಯ ಸಣ್ಣ ಸಿಂಹ ನಮ್ಮ ಎಡಕ್ಕೂ ನೋಡುತ್ತಿವೆ. ಎರಡು ಬೇರೆ ಬೇರೆ ಚಿತ್ರಗಳನ್ನು ತಂದು ಜೋಡಿಸುವಾಗ ಒಂದನ್ನು ತಿರುಗಿಸಲು ಮರೆತಿದ್ದಾರೆ ಎಂಬುದು ಸ್ಪಷ್ಟ. ಸಾಗವಾನಿಯ ಸಿದ್ಧ ಮಾದರಿಯಲ್ಲಿ ಈ ತಪ್ಪಿಲ್ಲ. ಕೆತ್ತುವವರು ಕೈಯಿಂದಲೇ ಚಿತ್ರ ತೆಗೆಯುವುದರಿಂದ ತಾವಾಗಿಯೇ ತಿದ್ದಿಕೊಂಡಿರಬೇಕು.

ಇಷ್ಟೆಲ್ಲ ಹೇಳಿದ ಮೇಲೆ ಮೂಲ ಪ್ರಶ್ನೆಗೆ ಬರಬೇಕು. ಅಡ್ಡಹೆಸರಿಗೊಂದು ಲಾಂಛನ ಎಂಬುದು ಇದೆಯೇ? ಆ ಪದ್ಧತಿ ಹುಟ್ಟಿದ ನಾಡುಗಳಲ್ಲಿಯೇ ಸಾಮಾನ್ಯವಾಗಿ ಇಲ್ಲ. ಪಶ್ಚಿಮ ಯುರೋಪಿನಲ್ಲಿ 12ನೆಯ ಶತಮಾನದಲ್ಲಿ ಗುರಾಣಿಯ ಮೇಲಿನ ಗುರುತು ತಂದೆಯಿಂದ ಮಕ್ಕಳಿಗೆ ಇಳಿಯುವ ಆಸ್ತಿಯಾಯಿತು. ಇದಕ್ಕೆ ಎಲ್ಲರೂ ತೋರಿಸುವ ಹಳೆಯ ಸಾಕ್ಷಿ 1151ರಲ್ಲಿ ತೀರಿಕೊಂಡ ಆಂಜೂ ಪ್ರಾಂತದ ಪ್ರಭು ಜೆಫ್ರಿಯ ಸಮಾಧಿಯ ಎನಾಮಲ್ ಫಲಕ. ಫ್ರಾನ್ಸಿನ ಲ ಮಾನ್ಸ್‌ನಲ್ಲಿರುವ ಅದರಲ್ಲಿ ಅವನ ನೀಲಿ ಗುರಾಣಿಯ ಮೇಲೆ ಚಿನ್ನದ ಸಿಂಹಗಳಿವೆ. ಅವನ ಮೊಮ್ಮಗ ವಿಲಿಯಂ ಲಾಂಗೆಸ್ಪೆ 1226ರಲ್ಲಿ ತೀರಿಕೊಂಡಾಗ ಇಂಗ್ಲೆಂಡಿನ ಸಾಲ್ಸ್‌ಬರಿಯ ಸಮಾಧಿಯ ಮೇಲೆ ಮೂಡಿದ್ದೂ ನೀಲಿಯ ಮೇಲಿನ ಅವೇ ಚಿನ್ನದ ಸಿಂಹಗಳು. ಅಂದರೆ ಲಾಂಛನ ಇಳಿದದ್ದು ರಕ್ತಸಂಬಂಧದ ದಾರಿಯಲ್ಲಿ, ಹೆಸರಿನ ದಾರಿಯಲ್ಲಿ ಅಲ್ಲ. 1484ರಲ್ಲಿ ಮೂರನೆಯ ರಿಚರ್ಡ್ ಸನ್ನದು ಕೊಟ್ಟು ಸ್ಥಾಪಿಸಿದ ಲಂಡನ್ನಿನ ಕಾಲೇಜ್ ಆಫ್ ಆರ್ಮ್ಸ್ ಇಂದಿಗೂ ಹೊಸ ಲಾಂಛನಗಳನ್ನು ಕೊಡುತ್ತದೆ. ಕೊಡುವುದು ಒಬ್ಬ ವ್ಯಕ್ತಿಗೆ ಮತ್ತು ಅವನ ಸಂತತಿಗೆ. ಸ್ಮಿತ್ ಎಂಬ ಹೆಸರಿನವರೆಲ್ಲ ಸ್ಮಿತ್ ಲಾಂಛನಕ್ಕೆ ಹಕ್ಕುದಾರರು ಎಂಬ ಮಾತನ್ನು ಅವರು ಒಪ್ಪುವುದೇ ಇಲ್ಲ. ಸ್ಕಾಟ್ಲೆಂಡಿನಲ್ಲಂತೂ 1672ರ ಕಾಯ್ದೆಯ ಬಲದಿಂದ ಲಾರ್ಡ್ ಲಯನ್ ಎಂಬ ಅಧಿಕಾರಿಯ ನ್ಯಾಯಾಲಯವೇ ಇದೆ, ಪರರ ಲಾಂಛನ ಬಳಸುವುದು ಅಲ್ಲಿ ಅಪರಾಧ. ಪೋಲೆಂಡಿನಲ್ಲಿ ಲೆಕ್ಕ ಇನ್ನೂ ಬೇರೆ: ಬೇರೆ ಬೇರೆ ಅಡ್ಡಹೆಸರಿನ ನೂರಾರು ಮನೆತನಗಳು ಒಂದೇ ಲಾಂಛನವನ್ನು ಹಂಚಿಕೊಳ್ಳುತ್ತವೆ. ಅಡ್ಡಹೆಸರು ಏನೇ ಇರಲಿ, ಗೋತ್ರ ಒಂದೇ ಎನ್ನುವ ನಮ್ಮ ಕ್ರಮಕ್ಕೆ ಅದು ಹತ್ತಿರವಾದದ್ದು.

ಪ್ರಮಾಣಪತ್ರದ ‘ಅರ್ಥ’ಗಳ ಭಾಗವೂ ಹೀಗೆಯೇ. ಕೆಂಪು ಶೌರ್ಯಕ್ಕೆ, ಚಿನ್ನ ಔದಾರ್ಯಕ್ಕೆ, ನೀಲಿ ನಿಷ್ಠೆಗೆ, ಸಿಂಹ ಧೈರ್ಯಕ್ಕೆ ಎಂದು ಒಂದು ಪಟ್ಟಿ ಅದರಲ್ಲಿದೆ. ಇಂಥ ಪಟ್ಟಿಗಳು ಲಾಂಛನಗಳು ಬಳಕೆಗೆ ಬಂದು ಎಷ್ಟೋ ಕಾಲವಾದ ಮೇಲೆ ಪಂಡಿತರು ಕೂತು ಹೆಣೆದವು. ಆಯ್ಕೆ ಮಾಡಿದ ಯೋಧನ ಮನಸ್ಸಿನಲ್ಲಿ ಇದ್ದದ್ದು ಹೆಚ್ಚಾಗಿ ದೂರದಿಂದ ಕಾಣಬೇಕು, ಪಕ್ಕದವನದಕ್ಕಿಂತ ಬೇರೆಯಾಗಿರಬೇಕು ಎಂಬ ಎರಡೇ ವಿಚಾರ. ಅದಕ್ಕೇ ಆ ಶಾಸ್ತ್ರದ ಮೊದಲ ಕಟ್ಟಳೆ ಬಣ್ಣದ ಕಟ್ಟಳೆ. ಚಿನ್ನ ಮತ್ತು ಬೆಳ್ಳಿ, ಎಂದರೆ ಹಳದಿ ಮತ್ತು ಬಿಳಿ, ಲೋಹಗಳು. ಕೆಂಪು, ನೀಲಿ, ಕಪ್ಪು, ಹಸಿರು, ನೇರಳೆ ಇವು ಬಣ್ಣಗಳು. ಲೋಹದ ಮೇಲೆ ಲೋಹ, ಬಣ್ಣದ ಮೇಲೆ ಬಣ್ಣ ಕೂಡದು. ಜೆರುಸಲೇಮಿನ ಕ್ರೈಸ್ತ ರಾಜ್ಯವೊಂದು ಬೆಳ್ಳಿಯ ಮೇಲೆ ಚಿನ್ನದ ಶಿಲುಬೆಗಳನ್ನಿಟ್ಟು ಈ ನಿಯಮವನ್ನು ಮುರಿದದ್ದು ಇಂದಿಗೂ ಉದಾಹರಣೆಯಾಗಿ ಉಳಿದಿದೆ ಎಂದರೆ ನಿಯಮ ಎಷ್ಟು ಬಿಗಿಯೆಂದು ಊಹಿಸಬಹುದು. ಇನ್ನು ಚಿಹ್ನೆಗಳಲ್ಲಿ ನಿಜವಾಗಿ ಅರ್ಥವಿರುವುದು ಬಹುಮಟ್ಟಿಗೆ ಹೆಸರಿನ ಮೇಲಿನ ಶ್ಲೇಷೆಯಲ್ಲಿ. ಸ್ಪೇನಿನ ಕಾಸ್ಟೀಲ್ ರಾಜ್ಯಕ್ಕೆ ಕೋಟೆ, ಲಿಯೋನಿಗೆ ಸಿಂಹ. 1596ರಲ್ಲಿ ನಾಟಕಕಾರ ಶೇಕ್ಸ್‌ಪಿಯರನ ತಂದೆಗೆ ಮಂಜೂರಾದ ಲಾಂಛನದಲ್ಲಿ ಈಟಿ, ಯಾಕೆಂದರೆ ಹೆಸರಿನ ಕೊನೆಯಲ್ಲಿ ಈಟಿ ಇದೆ. ಎರಡನೆಯ ಎಲಿಜಬೆತ್ ರಾಣಿಯ ತಾಯಿಯ ತವರಾದ ಬೋಸ್-ಲಯನ್ ಮನೆತನಕ್ಕೆ ಬಿಲ್ಲುಗಳು ಮತ್ತು ಸಿಂಹಗಳು. ಮಾತನಾಡುವ ಲಾಂಛನ ಎಂದು ಫ್ರೆಂಚರು ಇವುಗಳನ್ನು ಕರೆಯುತ್ತಾರೆ. ನಮ್ಮ ಅಂಗಡಿಯ ಸಿದ್ಧ ಮಾದರಿಗಳಲ್ಲಿ ಮಾತನಾಡುವ ಲಾಂಛನ ಒಂದೂ ಇಲ್ಲ. ಹೆಗಡೆಯವರಿಗೂ ಸಿಂಹ, ನಾಯಕರಿಗೂ ಸಿಂಹ, ಶಾನಭಾಗರಿಗೆ ಗರುಡ. ಲೆಕ್ಕ ಬರೆಯುವ ಹುದ್ದೆಯಿಂದ ಬಂದ ಹೆಸರಿಗೆ ಒಂದು ಲೇಖನಿಯನ್ನಾದರೂ ಇಡಬಹುದಿತ್ತು.

ಈ ಜಿಲ್ಲೆಯ ಅಡ್ಡಹೆಸರುಗಳ ಸ್ವರೂಪ ನೋಡಿದರೆ ಹೆಸರಿಗೊಂದು ಲಾಂಛನವೆಂಬ ಕಲ್ಪನೆ ಇಲ್ಲಿ ಇನ್ನೂ ಕಷ್ಟ. ಹೆಗಡೆ, ಶಾನಭಾಗ, ನಾಯಕ, ಭಂಡಾರಿ, ಗಾಂವಕರ ಇವೆಲ್ಲ ಊರಿನ ಆಡಳಿತದಲ್ಲಿಯೋ ದೇವಸ್ಥಾನದಲ್ಲಿಯೋ ಯಾರೋ ನಿರ್ವಹಿಸಿದ ಹೊಣೆಯಿಂದ ಬಂದವು; ಅಂಕೋಲೇಕರ, ಕುಮಟೇಕರ ಮುಂತಾದವು ಬಿಟ್ಟು ಬಂದ ಊರನ್ನು ಹೇಳುತ್ತವೆ. ಶಿರಸಿ, ಸಿದ್ದಾಪುರದ ಹವ್ಯಕ ಹೆಗಡೆಗೂ ದಕ್ಷಿಣ ಕನ್ನಡದ ಬಂಟ ಹೆಗ್ಡೆಗೂ ರಕ್ತಸಂಬಂಧವಿಲ್ಲ. ನಾಯಕ, ನಾಯ್ಕ ಎಂಬ ಹೆಸರು ಕರಾವಳಿಯಲ್ಲಿ ಪರಸ್ಪರ ನೆಂಟಸ್ತನವೇ ಇಲ್ಲದ ಹಲವು ಸಮುದಾಯಗಳಲ್ಲಿ ಇದೆ. ಇವರೆಲ್ಲರ ‘ಮೂಲಪುರುಷ’ ಒಬ್ಬನೇ ವೀರನೆಂದು ಪ್ರಮಾಣಪತ್ರ ಬರೆಯುವುದು ಓದುವವರಿಗೆ ಹಿತವಾಗಿರಬಹುದು, ಅಷ್ಟೆ. ನಿಜವಾದ ಕುಲದ ಗುರುತನ್ನು ಹುಡುಕುವವರು ನೋಡಬೇಕಾದದ್ದು ಗೋತ್ರ, ಕುಲದೇವತೆ ಮತ್ತು ಬಳಿ. ಹಾಲಕ್ಕಿ ಒಕ್ಕಲಿಗರಲ್ಲಿಯೂ ಕರಾವಳಿಯ ಇನ್ನೂ ಕೆಲವು ಸಮುದಾಯಗಳಲ್ಲಿಯೂ ಇರುವ ಬಳಿಗಳು ಪ್ರಾಣಿ, ಮರ, ಹೂವುಗಳ ಹೆಸರು ಹೊತ್ತವು. ಒಂದೇ ಬಳಿಯಲ್ಲಿ ಮದುವೆ ಆಗುವುದಿಲ್ಲ. ಕಡವೆಯ ಬಳಿಯವರು ಕಡವೆಯ ಮಾಂಸ ಮುಟ್ಟುವುದಿಲ್ಲ. ಗುರಾಣಿಯ ಮೇಲೆ ಪ್ರಾಣಿಯನ್ನು ಬರೆದು ಮೆರೆಸುವ ಯುರೋಪಿನವರಿಗಿಂತ ಆ ಪ್ರಾಣಿಯ ಜೀವ ಕಾಯುವ ಈ ಕಟ್ಟಳೆ ನನಗೆ ಹೆಚ್ಚು ಘನವಾಗಿ ತೋರುತ್ತದೆ. ಅಂಗಡಿಯ ಮಾದರಿಗಳಲ್ಲಿ ಬಳಿಯ ಸುದ್ದಿಯೇ ಇಲ್ಲ.

ಸಾಗವಾನಿಯ ಫಲಕವನ್ನು ನಾನು ನೋಡಿದ್ದು ಕಾರವಾರದ ನಮ್ಮ ನೆರೆಮನೆಯ ಡಿಸೋಜ ಕುಟುಂಬದಲ್ಲಿ. ಇಲ್ಲಿ ವಿಷಯ ಸ್ವಲ್ಪ ಸ್ವಾರಸ್ಯಕರ, ಯಾಕೆಂದರೆ ಈ ಲಾಂಛನ ಕಟ್ಟುಕಥೆಯಲ್ಲ. ಪೋರ್ಚುಗಲ್ಲಿನ ಸೋಜ ಮನೆತನಕ್ಕೆ ದೇಶದ ರಾಜಚಿಹ್ನೆಯ ಐದು ಪುಟ್ಟ ಗುರಾಣಿಗಳೊಂದಿಗೆ, ಬೆನ್ನು ಹೊರಕ್ಕೆ ಮಾಡಿ ವೃತ್ತವಾಗಿ ಕೂಡಿದ ನಾಲ್ಕು ಅರ್ಧಚಂದ್ರಗಳ ಲಾಂಛನ ಇರುವುದು ದಾಖಲೆಯಲ್ಲಿಯೇ ಇದೆ, ಅಂಗಡಿಯವರು ಕೆತ್ತಿಸಿಕೊಟ್ಟದ್ದೂ ಅದನ್ನೇ. ಪೋರ್ಚುಗಲ್ಲಿನಲ್ಲಿ ಹೆಸರಿಗೂ ಲಾಂಛನಕ್ಕೂ ಸಂಬಂಧ ಇಂಗ್ಲೆಂಡಿಗಿಂತ ಗಟ್ಟಿ. ಕಾರವಾರದ ಎದುರಿನ ಅಂಜದೀವ ದ್ವೀಪದಲ್ಲಿ 1505ರಲ್ಲಿ ಪೋರ್ಚುಗೀಸ್ ವೈಸರಾಯ್ ಅಲ್ಮೇಡಾ ಕೋಟೆ ಕಟ್ಟಿದಾಗ ಪೋರ್ಚುಗಲ್ಲಿನಲ್ಲಿ ಆಳುತ್ತಿದ್ದ ದೊರೆ ಮಾನುವೆಲನೇ ಸಿಂತ್ರಾದ ಅರಮನೆಯ ಒಂದು ಸಭಾಂಗಣದ ಮಾಳಿಗೆಯ ಮೇಲೆ ತನ್ನ ರಾಜ್ಯದ 72 ಕುಲೀನ ಮನೆತನಗಳ ಲಾಂಛನಗಳನ್ನು ಬರೆಯಿಸಿದ. ಆ ಪದ್ಧತಿಯ ಕಲ್ಲಿನ ಸಾಕ್ಷಿ ನಮಗೆ ದೂರವೂ ಇಲ್ಲ. ಹಳೆ ಗೋವೆಯ ಅಸ್ಸೀಸಿಯ ಸಂತ ಫ್ರಾನ್ಸಿಸರ ಇಗರ್ಜಿಯ ನೆಲವೇ ಕುಟುಂಬ ಲಾಂಛನಗಳನ್ನು ಕೆತ್ತಿದ ಗೋರಿಗಲ್ಲುಗಳದ್ದು. ಹೋದವರು ತಲೆಯೆತ್ತಿ ಬಲಿಪೀಠ ನೋಡುವುದರ ಜೊತೆಗೆ ಕಾಲಡಿಯನ್ನೂ ನೋಡಿ ಬರಬೇಕು. ಆದರೆ ಕೊಂಕಣದ ಕ್ರೈಸ್ತರಿಗೆ ಈ ಹೆಸರುಗಳು ಬಂದದ್ದು ಜ್ಞಾನಸ್ನಾನದ ಹೊತ್ತಿನಲ್ಲಿ, ದೀಕ್ಷೆ ಕೊಟ್ಟ ಪಾದ್ರಿಯಿಂದಲೋ ಪೋರ್ಚುಗೀಸ್ ಧರ್ಮಪಿತನಿಂದಲೋ. ಆದ್ದರಿಂದ ಸೋಜ ಪ್ರಭುಗಳ ವಂಶಜರು ಇವರೆಂಬ ಪ್ರಮಾಣಪತ್ರದ ಸಾಲು ನಿಲ್ಲುವುದಿಲ್ಲ. ನೆರೆಮನೆಯ ಹಿರಿಯರಿಗೆ ಇದು ಚೆನ್ನಾಗಿ ಗೊತ್ತು. ಅವರು ಫಲಕವನ್ನು ಗೋಡೆಗೆ ಹಾಕಿಸಿ ಕಾಗದವನ್ನು ಕಪಾಟಿನಲ್ಲಿಟ್ಟಿದ್ದಾರೆ. ಕೆತ್ತನೆ ಮಾತ್ರ ಸೊಗಸು: ಅರ್ಧಚಂದ್ರಗಳ ಮೊನೆಗಳು ಒಂದಕ್ಕೊಂದು ತಾಗದೆ ಕೂದಲೆಳೆಯ ಅಂತರದಲ್ಲಿ ನಿಂತಿವೆ, ಪಾಲಿಶ್ ಎಲ್ಲಿಯೂ ಗುಳಿಯಲ್ಲಿ ಮಡುಗಟ್ಟಿಲ್ಲ.

ಸಿದ್ಧ ಮಾದರಿಗಳಲ್ಲಿ ‘ಕರ್ನಾಟಕ ಶೈಲಿ’ ಎಂಬ ಒಂದು ವಿಭಾಗವಿದೆ. ಅದರಲ್ಲಿ ಯಾವ ಅಡ್ಡಹೆಸರನ್ನು ಬೇಕಾದರೂ ಗಂಡಭೇರುಂಡದ ಕೆಳಗೆ ಹಾಕಿಕೊಡುತ್ತಾರೆ, ಅಕ್ಕಪಕ್ಕ ಶರಭಗಳು, ನೆತ್ತಿಯಲ್ಲಿ ಅಶೋಕಸ್ತಂಭದ ಸಿಂಹಗಳು. ಇದನ್ನು ತೆಗೆದುಕೊಳ್ಳಲೇಬೇಡಿ. ಅದು ಮೈಸೂರು ಅರಸರಿಂದ ಬಂದು ಇಂದು ಕರ್ನಾಟಕ ಸರ್ಕಾರದ ಲಾಂಛನ. ರಾಷ್ಟ್ರಲಾಂಛನದ ಅನುಚಿತ ಬಳಕೆಯನ್ನು ತಡೆಯಲು 2005ರ ಕಾಯ್ದೆ ಇದೆ. ರಾಜ್ಯಗಳ ಲಾಂಛನಗಳನ್ನು ವ್ಯಾಪಾರಕ್ಕೆ ಬಳಸದಂತೆ 1950ರ ಕಾಯ್ದೆ ಇದೆ. ಅಂಗಡಿಯವರಿಗೆ ಇದನ್ನು ಹೇಳಿದಾಗ, ಎಲ್ಲರೂ ಕೇಳುತ್ತಾರೆ, ಅದಕ್ಕೇ ಇಟ್ಟಿದ್ದೇವೆ ಎಂಬ ಉತ್ತರ ಬಂತು. ಗುರಾಣಿಯ ಈ ಚೌಕಟ್ಟು ನಮ್ಮ ಸಂಸ್ಥಾನಗಳಿಗೆ ಹರಡಿದ್ದೂ ಹೆಚ್ಚು ಹಿಂದೆ ಅಲ್ಲ. 1877ರ ದೆಹಲಿ ದರ್ಬಾರಿನಲ್ಲಿ ದೇಶದ ರಾಜರಿಗೆ ಹಂಚಿದ ಪತಾಕೆಗಳ ಮೇಲಿನ ಲಾಂಛನಗಳನ್ನು ಯುರೋಪಿನ ಕ್ರಮಕ್ಕೆ ಹೊಂದಿಸಿ ರಚಿಸಿದವನು ಬಂಗಾಳದ ಸಿವಿಲ್ ಸರ್ವಿಸಿನ ರಾಬರ್ಟ್ ಟೇಲರ್ ಎಂಬ ಅಧಿಕಾರಿ.

ಹಾಗೆಂದು ನಮ್ಮಲ್ಲಿ ಲಾಂಛನದ ಪರಂಪರೆಯೇ ಇರಲಿಲ್ಲವೆಂದಲ್ಲ. ಶಿರಸಿಯಿಂದ ಬನವಾಸಿಗೆ ಹೋಗುವವರು ಕದಂಬರ ನೆಲಕ್ಕೆ ಹೋಗುತ್ತಾರೆ. ಹಾನಗಲ್ಲು ಮತ್ತು ಗೋವೆಯ ಕದಂಬರ ಶಾಸನಗಳಲ್ಲಿ ಸಿಂಹಲಾಂಛನ, ವಾನರಧ್ವಜ, ಪೆರ್ಮಟ್ಟಿ ಎಂಬ ವಾದ್ಯದ ಘೋಷ, ಬನವಾಸಿಪುರವರಾಧೀಶ್ವರನೆಂಬ ಬಿರುದು, ಮಧುಕೇಶ್ವರನ ವರಪ್ರಸಾದ ಇವೆಲ್ಲ ಒಂದೇ ಉಸಿರಿನಲ್ಲಿ ಬರುತ್ತವೆ. ಚಾಲುಕ್ಯರಿಗೆ ವರಾಹ, ರಾಷ್ಟ್ರಕೂಟರಿಗೆ ಗರುಡ, ಗಂಗರಿಗೆ ಆನೆ. ತಾಮ್ರಪಟಗಳ ಬಳೆಯ ಮುದ್ರೆಯಲ್ಲಿ ಇವು ಮೂಡಿವೆ. ನೋಡಲು ಒಂದು ಚಿಹ್ನೆ, ಕೇಳಲು ಒಂದು ವಾದ್ಯ, ಕೂಗಿ ಹೇಳಲು ಒಂದು ಬಿರುದು ಎಂಬ ಈ ಏರ್ಪಾಟು ಯುರೋಪಿನ ಗುರಾಣಿ, ಧ್ಯೇಯವಾಕ್ಯಗಳಿಗಿಂತ ತುಂಬಿದ್ದು. ಆದರೆ ಅದು ಅರಸು ಮನೆತನಗಳದ್ದು, ಒಕ್ಕಲು ಮನೆಗಳದ್ದಲ್ಲ. ನಾಯಕರ ಫಲಕಕ್ಕೆ ಕದಂಬರ ಸಿಂಹವನ್ನು ಅಂಟಿಸಿ ‘ಕದಂಬ ಸೇನಾನಾಯಕರ ವಂಶ’ ಎಂದು ಬರೆಯುವುದರಿಂದ ಕದಂಬರಿಗೂ ನ್ಯಾಯವಾಗುವುದಿಲ್ಲ, ನಾಯಕರಿಗೂ ಆಗುವುದಿಲ್ಲ.

ಈ ಅಂಗಡಿಯನ್ನು ನಾನು ಪೂರ್ತಿ ತಳ್ಳಿಹಾಕದಿರಲು ಕಾರಣ ಮೂರನೆಯ ಸೇವೆ. ಲಾಂಛನವನ್ನು ಯಾರೂ ಕೊಡಬೇಕಾಗಿಲ್ಲ, ಪರರದನ್ನು ಕದಿಯದಿದ್ದರೆ ಯಾರು ಬೇಕಾದರೂ ತಮ್ಮದೊಂದನ್ನು ಧರಿಸಬಹುದು ಎಂದು ಇಟಲಿಯ ನ್ಯಾಯಪಂಡಿತ ಬಾರ್ಟೊಲಸ್ 14ನೆಯ ಶತಮಾನದಲ್ಲಿಯೇ ವಾದಿಸಿದ್ದ. ನಮ್ಮ ಚಿಕ್ಕಪ್ಪನ ಮಗ ಶಿರಸಿ ತಾಲೂಕಿನ ಊರಿನಲ್ಲಿ ಹೊಸ ಮನೆ ಕಟ್ಟಿಸಿದಾಗ ನಾವು ಮಾಡಿಸಿದ್ದು ಈ ನ್ಯಾಯದ ಆಧಾರದ ಮೇಲೆ. ಅಡ್ಡಹೆಸರನ್ನು ಬಿಟ್ಟು ಮನೆಯ ಹೆಸರನ್ನು ಹಿಡಿದೆವು. ಊರವರು ಆ ಮನೆಯನ್ನು ಹಲಸಿನಮನೆ ಎಂದೇ ಕರೆಯುತ್ತಾರೆ. ಹಾಗಾಗಿ ಗುರಾಣಿಯ ಮೇಲೆ ಎರಡು ಎಲೆಗಳ ನಡುವೆ ಒಂದು ಹಲಸಿನ ಹಣ್ಣು, ಕೆಳಗೆ ತೋಟದ ಹಳ್ಳಕ್ಕಾಗಿ ಬಿಳಿ, ನೀಲಿ ಅಲೆಗಳು. ಶಿರಸ್ತ್ರಾಣ ಬೇಡ, ಕಿರೀಟ ಬೇಡ, ಅಕ್ಕಪಕ್ಕದ ಪ್ರಾಣಿಗಳೂ ಬೇಡ ಎಂದೆವು. ಗುರಾಣಿಯೊಂದೇ ಇದ್ದರೂ ಶಾಸ್ತ್ರದ ಪ್ರಕಾರ ಲಾಂಛನ ಪೂರ್ಣವೇ. ಅಂಗಡಿಯಲ್ಲಿ ವಿನ್ಯಾಸ ನೋಡಿಕೊಳ್ಳುವ ಹುಡುಗಿ ಚುರುಕು. ಹೇಳಿದ್ದನ್ನು ಕೇಳಿಸಿಕೊಂಡು ವಾಟ್ಸಾಪಿನಲ್ಲಿ ಕರಡು ಕಳಿಸುತ್ತಾಳೆ, ತಿದ್ದಲು ಬೇಸರ ಪಡುವುದಿಲ್ಲ. ಅವಳ ಮೊದಲ ಕರಡಿನಲ್ಲಿ ಬಿಳಿಯ ಮೇಲೆ ಹಳದಿ ಹಣ್ಣು ಇತ್ತು, ಮೊಬೈಲನ್ನು ಒಂದು ಮಾರು ದೂರ ಹಿಡಿದರೆ ಹಣ್ಣು ಮಾಯವಾಗುತ್ತಿತ್ತು. ಲೋಹದ ಮೇಲೆ ಲೋಹ ಬಂದರೆ ಆಗುವುದೇ ಹೀಗೆ. ಹಿನ್ನೆಲೆಯನ್ನು ಹಸಿರು ಮಾಡಿದೊಡನೆ ಹಣ್ಣು ಎದ್ದು ಬಂತು.

ಆಮೇಲೆ ತಮ್ಮನಿಗೆ ಬಣ್ಣವೇ ಬೇಡವೆನಿಸಿತು, ಮರ ಮರದಂತೆಯೇ ಕಾಣಲಿ ಎಂದ. ಇದಕ್ಕೂ ಶಾಸ್ತ್ರದಲ್ಲಿ ದಾರಿ ಇದೆ. ಬಣ್ಣವಿಲ್ಲದ ಮುದ್ರಣದಲ್ಲಿ ಬಣ್ಣ ಸೂಚಿಸಲು ಪೆಟ್ರಾ ಸಾಂಕ್ಟಾ ಎಂಬ ಇಟಲಿಯ ಜೆಸ್ವಿಟ್ ಪಾದ್ರಿಯ 1638ರ ಗ್ರಂಥದಿಂದ ಪ್ರಚಾರಕ್ಕೆ ಬಂದ ಗೀರುಗಳ ಪದ್ಧತಿ ಅದು: ಕೆಂಪಿಗೆ ನಿಂತ ಗೀರು, ನೀಲಿಗೆ ಅಡ್ಡ ಗೀರು, ಹಸಿರಿಗೆ ನೋಡುವವರ ಎಡಮೇಲಿನಿಂದ ಬಲಕೆಳಗೆ ಓರೆ ಗೀರು, ಚಿನ್ನಕ್ಕೆ ಚುಕ್ಕೆ, ಬೆಳ್ಳಿಗೆ ಏನೂ ಇಲ್ಲ. ಕಾಗದದ ಮೇಲೆ ಬರೆದು ಕೊಟ್ಟದ್ದನ್ನು ಕೆತ್ತುವವರು ಒಮ್ಮೆ ನೋಡಿ ಹಿಡಿದುಕೊಂಡರು. ಅವರು ಗುಡಿಗಾರರು, ಶಿರಸಿ, ಸಿದ್ದಾಪುರ, ಸಾಗರದ ಕಡೆ ಗಂಧದ ಕೆತ್ತನೆಗೂ ಬೆಂಡಿನ ಬಾಸಿಂಗಕ್ಕೂ ಹೆಸರಾದ ಸಮುದಾಯದವರು. ಹಲಸಿನ ಮೈಗೆ ಚಿನ್ನದ ಚುಕ್ಕೆಗಳನ್ನು ಬೇರೆಯಾಗಿ ಹಾಕಬೇಕೇ ಎಂದು ಕೇಳಿದಾಗ ಅವರು, ‘ಮುಳ್ಳೇ ಚುಕ್ಕೆ ಅಲ್ವಾ ಮಾಸ್ತರೇ, ಮತ್ತೆ ಯಾಕೆ?’ ಎಂದರು. ಮುಳ್ಳುಗಳನ್ನು ಮೂಲೆ ಉಳಿಯಿಂದ ಒಂದೊಂದಾಗಿ ಎತ್ತಿದ್ದಾರೆ, ತೊಟ್ಟಿನ ಬಳಿ ಒತ್ತಾಗಿ ಸಣ್ಣವು, ಹೊಟ್ಟೆಯ ಮೇಲೆ ಬಿಡಿಬಿಡಿಯಾಗಿ ದೊಡ್ಡವು. ಎಲ್ಲ ಒಂದೇ ಅಳತೆಗೆ ಬಂದರೆ ಹಲಸು ಹೋಗಿ ಅನಾನಸು ಆಗುತ್ತದೆ ಎಂದು ಅವರೇ ಹೇಳಿದ್ದು. ಹಿನ್ನೆಲೆಯ ಓರೆ ಗೀರುಗಳು ಹಣ್ಣಿನ ಅಂಚಿಗೆ ಬಂದಲ್ಲಿ ಕತ್ತರಿಸಿದಂತೆ ನಿಲ್ಲುತ್ತವೆ, ಒಂದೂ ಜಾರಿಲ್ಲ. ಶಿವಣೆ ಹಗುರವಾದ, ತಿಳಿ ಬಣ್ಣದ ಮರವಾದ್ದರಿಂದ ಗೀರಿನ ನೆರಳು ಚೆನ್ನಾಗಿ ಬೀಳುತ್ತದೆ. ಸಂಜೆಯ ಓರೆ ಬಿಸಿಲು ಜಗಲಿಗೆ ಬಂದಾಗ ನೋಡಿದರೆ ಗುರಾಣಿಯ ಮೈಗೂ ಹಣ್ಣಿನ ಮೈಗೂ ಬೇರೆ ಬೇರೆ ಬಣ್ಣ ಇದೆಯೆಂದೇ ತೋರುತ್ತದೆ.

ಕೆಳಗಿನ ಪಟ್ಟಿಗೆ ಅಂಗಡಿಯವರು ಲ್ಯಾಟಿನ್ ವಾಕ್ಯಗಳ ಪಟ್ಟಿಯನ್ನು ಮುಂದಿಟ್ಟರು. ಓದುವವರೂ ಬರುವವರೂ ಕನ್ನಡದವರಾಗಿರುವಾಗ ಲ್ಯಾಟಿನ್ ಯಾಕೆ ಎಂದು ಬಿಟ್ಟು, ಮನೆಯ ಹೆಸರನ್ನಷ್ಟೇ ಕನ್ನಡದಲ್ಲಿ ಕೆತ್ತಿಸಿದೆವು. ಇಲ್ಲಿ ಒಂದು ಎಚ್ಚರಿಕೆ: ಅಕ್ಷರಗಳ ನಮೂನೆಯನ್ನು ಕಂಪ್ಯೂಟರಿನ ಫಾಂಟಿಗೆ ಬಿಡದೆ ಕೆತ್ತುವವರ ಕೈಗೇ ಬಿಡುವುದು ಒಳ್ಳೆಯದು. ಸಿದ್ಧ ಮಾದರಿಗಳಲ್ಲಿ ಒತ್ತಕ್ಷರಗಳು ಪಟ್ಟಿಯ ಅಂಚಿನಿಂದ ಹೊರಗೆ ಇಳಿದು ನೇತಾಡುವುದನ್ನು ನೋಡಿದ್ದೇನೆ.

ಬಾಳಿಕೆಯ ವಿಚಾರದಲ್ಲಿ ಕರಾವಳಿಯವರು ಎಂಡಿಎಫ್ ಫಲಕವನ್ನು ಕೊಳ್ಳಬಾರದೆಂದೇ ನನ್ನ ಸಲಹೆ. ಘಟ್ಟದ ಮೇಲಿನ ಶಿರಸಿಯಲ್ಲಿಯೇ ಒಂದು ಮಳೆಗಾಲ ಮುಗಿಯುವಷ್ಟರಲ್ಲಿ ನೆಂಟರ ಫಲಕದ ಕೆಳಗಿನ ಅಂಚು ಉಬ್ಬಿ, ಪ್ರಿಂಟು ಮೂಲೆಯಲ್ಲಿ ಎದ್ದಿತ್ತು. ಕಾರವಾರದ ಉಪ್ಪುಗಾಳಿಯಲ್ಲಿ ಅದರ ಗತಿ ಏನಾಗಬಹುದೆಂದು ಬೇರೆ 1,450 ರೂಪಾಯಿ ಕೊಟ್ಟು ತಿಳಿಯಬೇಕಾಗಿಲ್ಲ. ಸಾಗವಾನಿಗೆ ಆ ಚಿಂತೆ ಇಲ್ಲ. ಶಿವಣೆಯ ಫಲಕದ ಹಿಂಬದಿಗೆ ಅಂಗಡಿಯವರು ಪಾಲಿಶ್ ಹಾಕಿರಲಿಲ್ಲ, ಎದುರಿಗೆ ಮಾತ್ರ ಹಾಕಿದ್ದರು. ಗೋಡೆಗೆ ತಾಗುವ ಬದಿಗೆ ಬೂಷ್ಟು ಬರುವುದು ಖಚಿತವಾದ್ದರಿಂದ ವಾಪಸು ಕೊಟ್ಟು ಹಾಕಿಸಬೇಕಾಯಿತು. ಹೆಚ್ಚಿನ ಹಣ ಕೇಳಲಿಲ್ಲ. ಹಿಂದೆ ಎರಡು ಸಣ್ಣ ಮರದ ತುಂಡುಗಳನ್ನು ಕೂಡಿಸಿ ಗೋಡೆಯಿಂದ ಅರ್ಧ ಇಂಚು ದೂರ ನಿಲ್ಲುವಂತೆ ಮಾಡಿಕೊಡಿ ಎಂದು ಮೊದಲೇ ಹೇಳಿದರೆ ಗಾಳಿ ಆಡುತ್ತದೆ. 18 ಇಂಚು ಎತ್ತರ, 14 ಇಂಚು ಅಗಲದ ಫಲಕಕ್ಕೆ ಒಂದೇ ಕೊಕ್ಕೆ ಕೊಡುತ್ತಾರೆ, ಎರಡು ಕೇಳಿ ಹಾಕಿಸಿಕೊಳ್ಳಬೇಕು. ಹೇಳಿದ ದಿನಕ್ಕೆ ಕೆಲಸ ಮುಗಿಯುವುದಿಲ್ಲ. ಕೆತ್ತುವವರಿಗೆ ಮದುವೆಯ ಕಾಲದಲ್ಲಿ ಬಾಸಿಂಗದ ಕೆಲಸವೇ ಕೈತುಂಬ ಇರುವುದರಿಂದ, ಗೃಹಪ್ರವೇಶದ ಮುಹೂರ್ತ ಗೊತ್ತಾದ ಕೂಡಲೇ ಆರ್ಡರು ಕೊಡುವುದು ಕ್ಷೇಮ. ರಸೀದಿಯನ್ನು ಕೇಳದೆಯೇ ಕೊಡುತ್ತಾರೆ, ಮುಂಗಡ ಅರ್ಧ.

ನಮ್ಮ ಹಲಸಿನ ಹಣ್ಣಿಗೂ ಒಂದು ಪ್ರಮಾಣಪತ್ರ ತಯಾರಾಗಿತ್ತು. ಹಲಸು ಪ್ರಾಚೀನ ಕಾಲದಿಂದಲೂ ರಾಜಮನೆತನಗಳ ಚಿಹ್ನೆಯೆಂದೂ ಹಸಿರು ವಿಜಯದ ಬಣ್ಣವೆಂದೂ ಅದರಲ್ಲಿ ಬರೆದಿದ್ದರು, ಎರಡು ವಾರದ ಹಿಂದೆ ನಾವೇ ಹೇಳಿ ಮಾಡಿಸಿದ ಚಿತ್ರಕ್ಕೆ! ಬೇಡವೆಂದು ಹಿಂದಿರುಗಿಸಿದಾಗ ಬಿಲ್ಲಿನಿಂದ 350 ರೂಪಾಯಿ ಕಳೆದುಕೊಟ್ಟರು. ಮೇಲೆ ಹೇಳಿದ 7,200 ಅದನ್ನು ಕಳೆದ ಮೇಲಿನ ಬೆಲೆ. ಈ ಕಡಿತವನ್ನು ಅವರಾಗಿ ಹೇಳುವುದಿಲ್ಲ, ನಾವೇ ಕೇಳಬೇಕು.